ಮಗ ನಿದ್ದೆಯಲ್ಲಿ ಎದ್ದು ಓಡಾಡುತ್ತಾನೆ, ಬೇಸಿಗೆ ಬಂತು, ಮಾಳಿಗೆ ಮೇಲೆ ಹೇಗೆ ಮಲಗಿಸೋದು?

ಸಿಂಧನೂರು ತಾಯಿ
ಎಲ್ಲರಿಗೂ ನಮಸ್ಕಾರ. ಸಿಂಧನೂರು ತಾಲೂಕಿನ ಹಳ್ಳಿ ನಮ್ಮದು. ಮಗನಿಗೆ ಎಂಟು ವರ್ಷ. ದೀಪಾವಳಿ ಆದಮೇಲೆ ಶುರುವಾಗಿದ್ದು ಇದು. ಮಲಗಿ ಒಂದೂವರೆ ಗಂಟೆ ಆಗಿರುತ್ತದೆ, ಎದ್ದು ಕೂರುತ್ತಾನೆ. ಕಣ್ಣು ತೆರೆದೇ ಇರುತ್ತದೆ, ಆದರೆ ನಮ್ಮನ್ನು ನೋಡುವುದಿಲ್ಲ. ಎದ್ದು ಪಡಸಾಲೆಗೆ ಹೋಗುತ್ತಾನೆ. ಮೊನ್ನೆ ಜೋಳದ ಚೀಲದ ಮುಂದೆ ಕೂತು ಬಾಯಿಗೆ ಕಟ್ಟಿದ್ದ ಸುತಳಿ ಬಿಚ್ಚುತ್ತಿದ್ದ. ಬಿಚ್ಚೋದು, ಮತ್ತೆ ಸುತ್ತೋದು. ಕರೆದರೆ "ಹೂಂ" ಅಂದ, ಅಷ್ಟೇ. ಕೈ ಹಿಡಿದು ಕರೆತಂದು ಮಲಗಿಸಿದೆ. ಬೆಳಗ್ಗೆ ಕೇಳಿದರೆ ಏನೂ ಗೊತ್ತಿಲ್ಲ ಅಂತಾನೆ.

ಈಗ ಬೇಸಿಗೆ. ನಮ್ಮದು ಮಣ್ಣಿನ ಮಾಳಿಗೆ ಮನೆ, ರಾತ್ರಿ ಎಲ್ಲರೂ ಮೇಲೆ ಮಲಗುವುದು. ಸುತ್ತ ಗೋಡೆ ಇಲ್ಲ, ನಡುವೆ ಬೆಳಕಿಂಡಿ ಬೇರೆ. ಕೆಳಗೆ ಮಲಗೋಣ ಅಂದರೆ ಕರೆಂಟ್ ಹೋದಾಗ ಒಲೆ ಒಳಗೆ ಕೂತ ಹಾಗೆ. ಅತ್ತೆ ಗಾಳಿ ಸೋಕಿದೆ, ಅಂತ್ರ ಕಟ್ಟಿಸೋಣ ಅಂತಿದ್ದಾರೆ. ನಮ್ಮ ಮನೆಯವರು ಪಾಳಿ ಕೆಲಸಕ್ಕೆ ಹೋಗುವವರು, ರಾತ್ರಿ ಎಷ್ಟೋ ಸಲ ನಾನೊಬ್ಬಳೇ. ನನಗೆ ನಿದ್ದೆ ಹತ್ತುತ್ತಿಲ್ಲ. ಇದು ಕಾಯಿಲೆನಾ? ಯಾರಿಗೆ ತೋರಿಸಬೇಕು?

ಬಳ್ಳಾರಿ ಬಿಸಿಲು
ಅಕ್ಕಾ, ಮೊದಲು ಮಾಳಿಗೆ ಬಿಡಿ. ಉಳಿದದ್ದು ಆಮೇಲೆ ಮಾತಾಡೋಣ.

ಕೊಪ್ಪಳ ಸಿಸ್ಟರ್
ಮಕ್ಕಳ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದ ನರ್ಸ್ ನಾನು. ನೀವು ಬರೆದದ್ದು ಓದಿದರೆ ನಿದ್ದೆ ನಡಿಗೆ ಅಂತಲೇ ಅನ್ನಿಸುತ್ತದೆ. ಡಾಕ್ಟರು ನೋಡಿಯೇ ಹೇಳಬೇಕು, ಆದರೂ ಹೆದರಬೇಡಿ ಅನ್ನುವುದಕ್ಕೆ ಕಾರಣ ಹೇಳುತ್ತೇನೆ.

ಮಕ್ಕಳು ಮಲಗಿದ ಮೊದಲ ಒಂದೆರಡು ಗಂಟೆಯಲ್ಲಿ ಅತಿ ಗಾಢ ನಿದ್ದೆ ಇರುತ್ತದೆ. ಆ ನಿದ್ದೆಯಿಂದ ಮಿದುಳು ಪೂರ್ತಿ ಎಚ್ಚರ ಆಗದೆ ಅರ್ಧಂಬರ್ಧ ಎದ್ದಾಗ ಹೀಗಾಗುತ್ತದೆ. ಕೈಕಾಲು ನಡೆಸುವ ಭಾಗ ಎದ್ದಿರುತ್ತದೆ. ವಿಚಾರ ಮಾಡುವ, ನೆನಪಿಡುವ ಭಾಗ ಇನ್ನೂ ಮಲಗಿರುತ್ತದೆ. ಅದಕ್ಕೇ ಚೀಲದ ಗಂಟು ಬಿಚ್ಚಲು ಬರುತ್ತದೆ, ಬೆಳಗ್ಗೆ ನೆನಪು ಇರುವುದಿಲ್ಲ. ಮಕ್ಕಳಲ್ಲಿ ಇದು ಅಪರೂಪವೂ ಅಲ್ಲ. ಹೆಚ್ಚಿನವರಿಗೆ ಹರೆಯಕ್ಕೆ ಬರುವಷ್ಟರಲ್ಲಿ ತಾನಾಗೇ ಹೋಗುತ್ತದೆ.

ಮೂರು ಪ್ರಶ್ನೆ. ಮನೆಯಲ್ಲಿ ಬೇರೆ ಯಾರಿಗಾದರೂ ಚಿಕ್ಕಂದಿನಲ್ಲಿ ಹೀಗಿತ್ತಾ? ಮಗ ಗೊರಕೆ ಹೊಡೆಯುತ್ತಾನಾ, ಬಾಯಿ ತೆರೆದು ಮಲಗುತ್ತಾನಾ? ದಿನಕ್ಕೆ ಎಷ್ಟು ಹೊತ್ತು ನಿದ್ದೆ ಮಾಡುತ್ತಾನೆ?

ತುಂಗಭದ್ರೆ ದಂಡೆ
ಅತ್ತೆ ಹೇಳೋದು ಸುಳ್ಳಲ್ಲ ಅಕ್ಕ. ನಮ್ಮ ಅಣ್ಣನ ಮಗಳು ಹೀಗೇ ರಾತ್ರಿ ಚೀರುತ್ತಿದ್ದಳು. ಹುಲಿಗೆಮ್ಮನಿಗೆ ಹರಕೆ ಹೊತ್ತು ಅಂತ್ರ ಕಟ್ಟಿಸಿದ ಮೇಲೆ ನಿಂತಿತು. ಎಲ್ಲಾ ಡಾಕ್ಟರಿಗೇ ಗೊತ್ತಿರಲ್ಲ.

ಮಾನ್ವಿ ಮೇಷ್ಟ್ರು
ತುಂಗಭದ್ರೆಯವರೇ, ಆ ಮಗುವಿಗೆ ಎಷ್ಟು ವರ್ಷ ಇತ್ತು? ಚೀರುವುದು ಎಷ್ಟು ದಿನಕ್ಕೊಮ್ಮೆ ಬರುತ್ತಿತ್ತು? ಇದು ಕೆಲವು ವಾರ ಜೋರಾಗಿ ಬಂದು ತಾನಾಗೇ ಕಡಿಮೆ ಆಗುವ ತೊಂದರೆ. ಜೋರಾದಾಗಲೇ ನಾವು ಅಂತ್ರ ಕಟ್ಟಿಸುತ್ತೇವೆ. ಕಡಿಮೆ ಆದದ್ದರ ಹೆಸರು ಅಂತ್ರಕ್ಕೆ ಹೋಗುತ್ತದೆ.

ತುಂಗಭದ್ರೆ ದಂಡೆ
ಆರು ವರ್ಷ. ಮೇಷ್ಟ್ರೇ, ನಂಬಿಕೆಗೆಲ್ಲ ಲೆಕ್ಕ ಕೇಳಬಾರದು. ಹುಡುಗಿಗೆ ವಾಸಿ ಆಯ್ತು, ನಮಗೆ ಅಷ್ಟು ಸಾಕು.

ಮಾನ್ವಿ ಮೇಷ್ಟ್ರು
ದೇವರಿಗೆ ಹೋಗಬೇಡಿ ಅಂತ ನಾನು ಹೇಳಿಲ್ಲ. ಅಂತ್ರದಲ್ಲೇ ನಿಂತರೆ ನನ್ನ ತಕರಾರಿಲ್ಲ. ನನ್ನ ಸಿಟ್ಟು ಅದರ ಮುಂದಿನದ್ದಕ್ಕೆ. ನಮ್ಮ ಶಾಲೆಯ ಒಬ್ಬ ಹುಡುಗನಿಗೆ ದೆವ್ವ ಬಿಡಿಸ್ತೀವಿ ಅಂತ ಒಣಮೆಣಸಿನಕಾಯಿ ಹೊಗೆ ಹಾಕಿದ್ದರು. ವಾರಗಟ್ಟಲೆ ಕೆಮ್ಮಿದ. ಕಣ್ಣು ಕೆಂಪಾಗಿ ತರಗತಿಯಲ್ಲಿ ತಲೆ ಎತ್ತುತ್ತಿರಲಿಲ್ಲ. ಬರೆ ಹಾಕಿಸಿಕೊಂಡ ಮಕ್ಕಳೂ ಇದ್ದಾರೆ. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆದು ಬಡಿದು ಹಿಂಸೆ ಕೊಡುವುದು ನಮ್ಮ ರಾಜ್ಯದಲ್ಲಿ ಅಪರಾಧ. 2017ರಲ್ಲಿ ಕಾಯ್ದೆ ಆಯಿತು, 2020ರಲ್ಲಿ ಜಾರಿಗೆ ಬಂತು. ನಿದ್ದೆಗಣ್ಣಿನಲ್ಲಿ ನಡೆದ ಮಗು ಯಾವ ತಪ್ಪೂ ಮಾಡಿಲ್ಲ.

ತುಂಗಭದ್ರೆ ದಂಡೆ
ಹೊಗೆ ಹಾಕುವುದನ್ನು ನಾನೂ ಒಪ್ಪಲ್ಲ. ಅದು ಬೇರೆ.

ಲಿಂಗಸುಗೂರು ಹುಡುಗ
ನಿದ್ದೆಯಲ್ಲಿ ನಡೆಯುವವರನ್ನು ಎಬ್ಬಿಸಿದರೆ ಜೀವ ಹೋಗುತ್ತೆ ಅಂತಾರಲ್ಲ, ನಿಜಾನಾ?

ಕೊಪ್ಪಳ ಸಿಸ್ಟರ್
ಇಲ್ಲ. ಜೀವ ಹೋಗಲ್ಲ, ಹುಚ್ಚೂ ಹಿಡಿಯಲ್ಲ. ಆದರೆ ಗಟ್ಟಿಯಾಗಿ ಅಲುಗಾಡಿಸಿ, ಮುಖಕ್ಕೆ ನೀರು ಹೊಡೆದು ಎಬ್ಬಿಸಿದರೆ ಗಾಬರಿಯಾಗುತ್ತಾರೆ. ಎಲ್ಲಿದ್ದೀನಿ, ಯಾರು ಹಿಡಿದಿದ್ದಾರೆ ಗೊತ್ತಾಗದೆ ತಳ್ಳಬಹುದು, ಹೊಡೆಯಬಹುದು. ಸಿಂಧನೂರು ಅಕ್ಕ ಮಾಡಿದ್ದೇ ಸರಿ. ಮೆಲ್ಲಗೆ ಮಾತಾಡುತ್ತಾ ಕೈ ಹಿಡಿದು ಹಾಸಿಗೆಗೆ ತರಬೇಕು. ಬಾವಿಯ ಹತ್ತಿರ, ಮೆಟ್ಟಿಲ ಹತ್ತಿರ ಹೋಗುತ್ತಿದ್ದರೆ ಮಾತ್ರ ಯೋಚನೆ ಮಾಡದೆ ಹಿಡಿದುಕೊಳ್ಳಿ. ಎಚ್ಚರ ಆದರೆ ಆಗಲಿ.

ತುಂಗಭದ್ರೆಯವರು ಹೇಳಿದ ಚೀರುವ ಮಗುವಿನದ್ದೂ ಇದರ ಅಣ್ಣತಮ್ಮನೇ. ಗಾಢ ನಿದ್ದೆಯಿಂದಲೇ ಬರುತ್ತದೆ. ಮಗು ಧಡಕ್ಕನೆ ಎದ್ದು ಕಿರುಚುತ್ತದೆ, ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಅಮ್ಮನನ್ನೇ ಗುರುತು ಹಿಡಿಯುವುದಿಲ್ಲ. ಕೆಲವು ನಿಮಿಷಕ್ಕೆ ಮತ್ತೆ ಮಲಗುತ್ತದೆ. ಕೆಟ್ಟ ಕನಸು ಬೇರೆ. ಅದು ಬೆಳಗಿನ ಜಾವದ ಕಡೆ ಜಾಸ್ತಿ. ಮಗು ಪೂರ್ತಿ ಎಚ್ಚರವಾಗಿ ಅಳುತ್ತದೆ, ನಾಯಿ ಅಟ್ಟಿಸಿಕೊಂಡು ಬಂತು ಅಂತ ಕಥೆ ಹೇಳುತ್ತದೆ, ಅಪ್ಪಿಕೊಂಡರೆ ಸಮಾಧಾನ ಆಗುತ್ತದೆ.

ಸಿಂಧನೂರು ತಾಯಿ
ಸಿಸ್ಟರ್, ನಮ್ಮ ಮನೆಯವರೂ ಚಿಕ್ಕವರಿದ್ದಾಗ ಎದ್ದು ಹೋಗುತ್ತಿದ್ದರಂತೆ. ಅತ್ತೆಯೇ ಈಗ ನೆನಪಿಸಿಕೊಂಡು ಹೇಳಿದರು. ಮಗ ಬಾಯಿ ತೆರೆದೇ ಮಲಗುವುದು. ಗೊರಕೆ ಇದೆ, ನೆಗಡಿ ಅಂದುಕೊಂಡಿದ್ದೆವು. ಸಂಜೆ ಆದರೆ ಕಾಲು ಒತ್ತು ಅಂತ ಹಠ ಮಾಡುತ್ತಾನೆ. ಮಾಮೂಲಿ ಒಂಬತ್ತೂವರೆಗೆ ಮಲಗುತ್ತಾನೆ. ಅವರಪ್ಪನಿಗೆ ಎರಡನೇ ಪಾಳಿ ಇದ್ದ ವಾರ ಮಾತ್ರ ಅವರು ಬರುವ ತನಕ ಕಾಯುತ್ತಾನೆ, ಹನ್ನೊಂದು ಆಗುತ್ತದೆ. ಬೆಳಗ್ಗೆ ಆರಕ್ಕೆ ಎಬ್ಬಿಸಲೇಬೇಕು, ಸ್ಕೂಲ್ ವ್ಯಾನ್ ಬರುತ್ತದೆ. ಈಗ ಕೂತು ಯೋಚಿಸಿದರೆ ಎದ್ದು ಓಡಾಡೋದು ಆ ವಾರಗಳಲ್ಲೇ ಜಾಸ್ತಿ.

ಕೊಪ್ಪಳ ಸಿಸ್ಟರ್
ಅರ್ಧ ಉತ್ತರ ನೀವೇ ಹೇಳಿದಿರಿ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಆ ವಾರ ಅವನಿಗೆ ಸಿಗುವುದು ಏಳು. ನಿದ್ದೆ ಬಾಕಿ ಉಳಿದಷ್ಟೂ ಮರುದಿನದ ನಿದ್ದೆ ಇನ್ನೂ ಗಾಢ ಆಗುತ್ತದೆ, ಅರ್ಧ ಎಚ್ಚರ ಆಗುವುದೂ ಹೆಚ್ಚುತ್ತದೆ. ಜ್ವರ, ಹೊಸ ಜಾಗ, ಮನಸ್ಸಿನ ಒತ್ತಡ, ಮೂತ್ರ ತುಂಬಿದ ಹೊಟ್ಟೆ, ಜೋರು ಸದ್ದು, ಇವೂ ಕೆಣಕುತ್ತವೆ.

ಇನ್ನರ್ಧ ಗೊರಕೆ. ಟಾನ್ಸಿಲ್, ಮೂಗಿನ ಹಿಂದಿನ ಅಡಿನಾಯ್ಡ್ ದಪ್ಪಗಿದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ಪ್ರತಿ ಸಲ ಉಸಿರಿಗಾಗಿ ಮಿದುಳು ಅರ್ಧ ಏಳುತ್ತದೆ. ಕಾಲು ಒತ್ತು ಅನ್ನುವುದನ್ನೂ ಡಾಕ್ಟರಿಗೆ ಹೇಳಿ. ಕಬ್ಬಿಣಾಂಶ ಕಡಿಮೆ ಇದ್ದರೆ ಕಾಲಿಗೆ ಆ ಚಡಪಡಿಕೆ ಬರುತ್ತದೆ, ಅದೂ ನಿದ್ದೆ ಕೆಡಿಸುತ್ತದೆ. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಅನ್ನುವ ರಕ್ತಪರೀಕ್ಷೆ ಬೇಕಾ ಅಂತ ಕೇಳಿ.

ಗಂಗಾವತಿ ಗೃಹಿಣಿ
ಗೊರಕೆ ವಿಷಯ ಹಗುರವಾಗಿ ತಗೋಬೇಡಿ. ನನ್ನ ಮಗಳಿಗೆ ಇಎನ್‌ಟಿ ಡಾಕ್ಟರು ಟಾನ್ಸಿಲ್, ಅಡಿನಾಯ್ಡ್ ಎರಡೂ ತೆಗೆದರು. ಅದಾದ ಮೇಲೆ ರಾತ್ರಿ ಏಳುವುದು ನಿಂತೇ ಹೋಯಿತು. ಹಾಸಿಗೆ ಒದ್ದೆ ಮಾಡುವುದೂ ನಿಂತಿತು. ಎಲ್ಲಾ ಮಕ್ಕಳಿಗೂ ಆಪರೇಷನ್ ಬೇಕು ಅಂತಲ್ಲ. ತೋರಿಸುವುದು ಮಾತ್ರ ತೋರಿಸಿ.

ರಾಯಚೂರು ಅಣ್ಣ
ಅಪ್ಪ ಅಮ್ಮನಿಂದ ಬರುತ್ತೆ ಅಂತ ನಾನೂ ಓದಿದ್ದೆ. ಕೆನಡಾದ ಕ್ವಿಬೆಕ್‌ನಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಒಂದು ಅಧ್ಯಯನ ಬಂತು. ಹೆತ್ತವರಲ್ಲಿ ಒಬ್ಬರಿಗೆ ಇದ್ದರೆ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಬಂದಿತ್ತು. ಇಬ್ಬರಿಗೂ ಇದ್ದರೆ ಇನ್ನೂ ಜಾಸ್ತಿ. ಅತ್ತೆಗೆ ಇದನ್ನೇ ಹೇಳಿ. ಅವರ ಮಗನಿಗೆ ಇದ್ದದ್ದೇ ಮೊಮ್ಮಗನಿಗೆ ಬಂದಿದೆ.

ಬಳ್ಳಾರಿ ಬಿಸಿಲು
ಎಲ್ಲಾ ಸರಿ, ಮಾಳಿಗೆ ವಿಷಯ ಯಾರೂ ಹೇಳ್ತಿಲ್ಲವಲ್ಲ? ಇವತ್ತು ರಾತ್ರಿ ಆ ಮಗು ಎಲ್ಲಿ ಮಲಗಬೇಕು?

ಮಸ್ಕಿ ರೈತ
ನಮ್ಮಲ್ಲಿ ತಾಯಂದಿರು ಸೀರೆ ಸೆರಗಿಗೆ ಮಗುವಿನ ಕಾಲು ಕಟ್ಟಿಕೊಂಡು ಮಲಗುತ್ತಾರೆ. ಎದ್ದರೆ ಗೊತ್ತಾಗುತ್ತೆ.

ಕೊಪ್ಪಳ ಸಿಸ್ಟರ್
ದಯವಿಟ್ಟು ಕಟ್ಟಬೇಡಿ. ಸೆರಗು ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಗಾಬರಿಯಲ್ಲಿ ಎದ್ದು ಎಡವಿ ಬೀಳುತ್ತಾರೆ.

ರಾಯಚೂರು ಅಣ್ಣ
ಒಳಗೆ ಮಲಗಿ ಅನ್ನುವುದು ಬರೆಯಲು ಸುಲಭ. ಏಪ್ರಿಲ್, ಮೇನಲ್ಲಿ ಹಗಲು 42 ಡಿಗ್ರಿ ಕಾದ ಮನೆ ರಾತ್ರಿ ಹನ್ನೆರಡಾದರೂ ಆರಲ್ಲ. ಸೆಕೆಗೆ ನಿದ್ದೆ ತುಂಡು ತುಂಡಾದರೆ ಅದೂ ತೊಂದರೆನೇ. ಹಾಗಾಗಿ ಅಂಗಳ ನೋಡಿ. ಹೊರಸು ಹಾಕಿದರೆ ಗಾಳಿಯೂ ಇರುತ್ತದೆ, ಬಿದ್ದರೂ ಒಂದೂವರೆ ಅಡಿ. ಕಾಂಪೌಂಡ್ ಗೇಟಿಗೆ ಮೇಲ್ಗಡೆ ಚಿಲಕ ಹಾಕಿಸಿ, ಮಗುವಿನ ಕೈಗೆ ಎಟುಕಬಾರದು.

ಮಸ್ಕಿ ರೈತ
ಸರಿ, ಕಟ್ಟುವುದು ಬೇಡ. ಗೆಜ್ಜೆ ಆಗಬಹುದಲ್ಲ? ಎತ್ತಿನ ಕೊರಳ ಗೆಜ್ಜೆಸರ ಮನೆಯಲ್ಲಿ ಇದ್ದೇ ಇರುತ್ತೆ. ಬಾಗಿಲಿಗೆ, ಗೇಟಿಗೆ ಒಂದೊಂದು ಕಟ್ಟಿ. ಅಲುಗಿದರೆ ತಾಯಿಗೆ ಎಚ್ಚರ ಆಗುತ್ತೆ. ಮಲಗುವ ಮುಂಚೆ ಮಾಳಿಗೆಯ ನಿಚ್ಚಣಿಕೆ ತೆಗೆದು ನೆಲಕ್ಕೆ ಮಲಗಿಸಿಬಿಡಿ. ಬೆಳಕಿಂಡಿ ಮೇಲೆ ಬಂಡೆ ಎಳೆಯಿರಿ.

ಕೊಪ್ಪಳ ಸಿಸ್ಟರ್
ಬಹಳ ಒಳ್ಳೆಯ ಮಾತು ಹೇಳಿದಿರಿ ಅಣ್ಣ. ಇನ್ನೊಂದು ಸೇರಿಸುತ್ತೇನೆ. ಕುಡುಗೋಲು, ಇಳಿಗೆಮಣಿ ಕೈಗೆ ಸಿಗದ ಕಡೆ ಇರಲಿ. ಒಲೆಯ ಕೆಂಡ ಆರಿಸಿ ಮಲಗಿ. ನೀರಿನ ತೊಟ್ಟಿ ಮುಚ್ಚಿ. ಎಲ್ಲಕ್ಕಿಂತ ಮುಖ್ಯ, ಹತ್ತಿಗೆ ಹೊಡೆಯುವ ಕೀಟನಾಶಕದ ಎಣ್ಣೆ ಡಬ್ಬಿ ಪಡಸಾಲೆಯಲ್ಲಿ ಇಡಲೇಬೇಡಿ, ಬೀಗ ಹಾಕಿ. ಗಂಟು ಬಿಚ್ಚುವ ಮಗು ಡಬ್ಬಿ ಮುಚ್ಚಳವನ್ನೂ ಬಿಚ್ಚುತ್ತದೆ.

ಹಾಸ್ಟೆಲ್ ವಾರ್ಡನ್
ಜೂನ್ ತಿಂಗಳಲ್ಲಿ ಹೊಸ ಮಕ್ಕಳು ಬಂದಾಗ ನಮ್ಮಲ್ಲಿ ಇದು ಇದ್ದದ್ದೇ. ಮನೆ ಬಿಟ್ಟು ಬಂದ ಸಂಕಟ, ಹೊಸ ಜಾಗ. ಎದ್ದು ಟ್ರಂಕ್ ತೆಗೆದು ಬಟ್ಟೆ ಮಡಚುತ್ತಾರೆ. ಟೆರೇಸಿನ ಬಾಗಿಲಿಗೆ ಬೀಗ, ಅಂಥ ಹುಡುಗನಿಗೆ ಕೆಳಗಿನ ಮಂಚ, ಇವೆರಡು ನಮ್ಮ ನಿಯಮ. ಪಕ್ಕದ ಹುಡುಗರಿಗೆ ಮೊದಲೇ ಹೇಳುತ್ತೇನೆ, ಬೆಳಗ್ಗೆ ಎದ್ದು ರೇಗಿಸಬೇಡಿ ಅಂತ. ರೇಗಿಸಿದರೆ ಆ ಹುಡುಗ ಮಲಗಲಿಕ್ಕೇ ಹೆದರುತ್ತಾನೆ, ನಿದ್ದೆಗೆಡುತ್ತಾನೆ, ಮತ್ತೆ ಏಳುತ್ತಾನೆ.

ಕುಷ್ಟಗಿ ತಮ್ಮ
ನಮ್ಮೂರಲ್ಲಿ ಮೊಹರಂನಲ್ಲಿ ರಾತ್ರಿಯೆಲ್ಲ ಅಲಾಯಿ ಕುಣಿತ ನೋಡಿ ಬಂದ ಮಕ್ಕಳು ಮರುದಿನ ರಾತ್ರಿ ಕನವರಿಸುತ್ತಾರೆ. ದೇವರು ಮೈಮೇಲೆ ಬಂತು ಅಂತ ಹಿರಿಯರು ಅನ್ನುತ್ತಿದ್ದರು. ನಿದ್ದೆಗೆಟ್ಟದ್ದೇ ಕಾರಣ ಅಂತ ಈಗ ಅನ್ನಿಸುತ್ತಿದೆ.

ಪರೀಕ್ಷೆ ತಯಾರಿ, ಬಳ್ಳಾರಿ
ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ನನಗೆ ಬೆಳಗಿನ ಜಾವ ಎಚ್ಚರ ಆಗುತ್ತೆ, ಆದರೆ ಮೈ ಅಲ್ಲಾಡಲ್ಲ. ಎದೆ ಮೇಲೆ ಯಾರೋ ಕೂತಿದ್ದಾರೆ ಅನ್ನಿಸುತ್ತೆ. ಕೂಗಲು ಹೋದರೆ ದನಿ ಬರಲ್ಲ. ರೂಮಿನಲ್ಲಿ ಒಬ್ಬನೇ ಇದ್ದೀನಿ. ರಾತ್ರಿ ಎರಡರವರೆಗೆ ಓದುತ್ತೇನೆ.

ನರರೋಗ ವಿಭಾಗ
ನಾನು ನ್ಯೂರಾಲಜಿಯಲ್ಲಿ ಕೆಲಸ ಮಾಡುವ ಡಾಕ್ಟರ್. ಕನಸು ಬೀಳುವ ನಿದ್ದೆಯಲ್ಲಿ ಮಿದುಳು ಮೈಯ ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ, ಕನಸಿನಂತೆ ನಾವು ಎದ್ದು ಓಡಬಾರದು ಅಂತ. ಆ ಸಡಿಲ ಹೋಗುವ ಮೊದಲೇ ನಿಮಗೆ ಎಚ್ಚರ ಆಗುತ್ತಿದೆ. ಅರ್ಧ ಕನಸು ಇನ್ನೂ ನಡೆಯುತ್ತಿರುತ್ತದೆ, ಅದಕ್ಕೇ ಯಾರೋ ಇದ್ದಾರೆ ಅನ್ನಿಸುತ್ತದೆ. ಸೆಕೆಂಡುಗಳಿಂದ ಒಂದೆರಡು ನಿಮಿಷದಲ್ಲಿ ಬಿಡುತ್ತದೆ. ಉಸಿರು ನಿಲ್ಲುವುದಿಲ್ಲ. ಬೆರಳ ತುದಿ ಅಲ್ಲಾಡಿಸಲು ಪ್ರಯತ್ನಿಸಿ. ಮಗ್ಗುಲಾಗಿ ಮಲಗಿ, ಅಂಗಾತ ಮಲಗಿದಾಗ ಇದು ಹೆಚ್ಚು. ಎರಡರವರೆಗೆ ಓದುವುದನ್ನು ಹನ್ನೊಂದಕ್ಕೆ ತನ್ನಿ. ಹಗಲಲ್ಲೂ ತಡೆಯಲಾರದ ನಿದ್ದೆ ಬರುತ್ತಿದ್ದರೆ ತೋರಿಸಿ.

ಸಂಡೂರು ಮಗ
ಡಾಕ್ಟ್ರೇ, ನೀವು ಹೇಳಿದ್ದು ಓದಿ ಕೇಳಬೇಕು ಅನ್ನಿಸಿತು. ನಮ್ಮ ಅಪ್ಪನಿಗೆ 64. ಬೆಳಗಿನ ಜಾವ ನಿದ್ದೆಯಲ್ಲೇ ಕಾಲು ಬೀಸಿ ಒದೆಯುತ್ತಾರೆ. "ಹಿಡಿ, ಹಿಡಿ, ಶೇಂಗಾಕ್ಕೆ ಕರಡಿ ಬಂತು" ಅಂತ ಕೂಗುತ್ತಾರೆ. ನಮ್ಮ ಹೊಲಕ್ಕೆ ಕರಡಿ ಬರೋದು ನಿಜವೇ. ಹೋದ ವಾರ ಅವ್ವನ ಹುಬ್ಬಿಗೆ ಏಟು ಬಿತ್ತು. ಎಬ್ಬಿಸಿದರೆ ತಕ್ಷಣ ಎಚ್ಚರ ಆಗಿ ಕನಸು ಪೂರ್ತಿ ಹೇಳುತ್ತಾರೆ. ಅವ್ವ ಯಾರ ಮುಂದೂ ಹೇಳಬೇಡ ಅಂತಾಳೆ, ಹೊಡೆದ ಅಂದುಕೊಂಡಾರು ಅಂತ.

ನರರೋಗ ವಿಭಾಗ
ಇದು ಆ ಮಗುವಿನ ತೊಂದರೆಯಲ್ಲ, ಬೇರೆಯದೇ. ನಾನು ಈಗಷ್ಟೇ ಹೇಳಿದೆನಲ್ಲ, ಕನಸಿನಲ್ಲಿ ಮೈ ಸಡಿಲ ಇರುತ್ತದೆ ಅಂತ. ನಿಮ್ಮ ಅಪ್ಪನಿಗೆ ಆ ಸಡಿಲ ಇಲ್ಲವಾಗಿರಬಹುದು. ಹಾಗಾಗಿ ಕನಸಿನ ಕರಡಿಗೆ ಬಿದ್ದ ಒದೆ ಪಕ್ಕದಲ್ಲಿ ಮಲಗಿದವರಿಗೆ ಬೀಳುತ್ತದೆ. ಇದನ್ನು ಒಂದು ಕಾಯಿಲೆ ಅಂತ 1986ರಲ್ಲಿ ಅಮೆರಿಕದ ಮಿನ್ನೆಸೋಟಾದ ಡಾಕ್ಟರುಗಳಾದ ಶೆಂಕ್ ಮತ್ತು ಮಹೋವಾಲ್ಡ್ ವಿವರಿಸಿದರು. ಐವತ್ತು ದಾಟಿದ ಗಂಡಸರಲ್ಲಿ ಹೆಚ್ಚು ಕಾಣುತ್ತದೆ.

ಅಪ್ಪನನ್ನು ನ್ಯೂರಾಲಜಿಗೆ ತೋರಿಸಲೇಬೇಕು. ಕೆಲವರಲ್ಲಿ ಇದು ಪಾರ್ಕಿನ್ಸನ್ ಅಥವಾ ಒಂದು ಬಗೆಯ ಮರೆವಿನ ಕಾಯಿಲೆಗೆ ವರ್ಷಗಳ ಮುಂಚಿನ ಸೂಚನೆ ಆಗಿರುತ್ತದೆ. ವಾಸನೆ ಸರಿಯಾಗಿ ತಿಳಿಯುತ್ತದಾ, ಮಲಬದ್ಧತೆ ಇದೆಯಾ, ನಡಿಗೆ ನಿಧಾನ ಆಗಿದೆಯಾ, ಕೈ ನಡುಗುತ್ತದಾ ಗಮನಿಸಿ. ಮನಸ್ಸಿನ ಬೇಸರಕ್ಕೆ ಕೊಡುವ ಕೆಲವು ಮಾತ್ರೆಗಳಿಂದಲೂ ಇದು ಬರಬಹುದು, ಅದಕ್ಕೇ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ. ಹೊಡೆತ ಕಡಿಮೆ ಮಾಡಲು ಔಷಧಿ ಇದೆ. ಅಲ್ಲಿಯವರೆಗೆ ಅವ್ವ ಬೇರೆ ಹಾಸಿಗೆಯಲ್ಲಿ ಮಲಗಲಿ. ಅವ್ವನಿಗೆ ಹೇಳಿ, ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಸಂಡೂರು ಮಗ
ವಾಸನೆ ವಿಷಯ ಕೇಳಿ ಎದೆ ಧಸಕ್ ಅಂತು. ಒಗ್ಗರಣೆ ಸೀದರೂ ಅಪ್ಪನಿಗೆ ಗೊತ್ತಾಗಲ್ಲ. ಸೋಮವಾರ ಬಳ್ಳಾರಿಗೆ ಕರೆದುಕೊಂಡು ಹೋಗುತ್ತೇನೆ.

ಕಂಪ್ಲಿ ಅಕ್ಕ
ನನ್ನ ತಮ್ಮ ಕುಡಿತ ಒಮ್ಮೆಲೇ ಬಿಟ್ಟ. ಎರಡು ರಾತ್ರಿ ಕಳೆದಿದೆ, ಕೈ ನಡುಗುತ್ತಿದೆ, ಗೋಡೆ ಮೇಲೆ ಹುಳ ಹರಿಯುತ್ತಿದೆ ಅಂತ ಎದ್ದು ಓಡಾಡುತ್ತಾನೆ. ಇದೂ ನಿದ್ದೆ ನಡಿಗೆನಾ?

ನರರೋಗ ವಿಭಾಗ
ಅಲ್ಲ ಅಕ್ಕ. ಇದು ತುರ್ತು. ಬೆಳಗಾಗುವವರೆಗೆ ಕಾಯಬೇಡಿ, ಈಗಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ. ಬಹಳ ಕುಡಿಯುವವರು ದಿಢೀರನೆ ಬಿಟ್ಟಾಗ ಹೀಗಾದರೆ ಜೀವಕ್ಕೆ ಅಪಾಯ. ಫಿಟ್ಸ್ ಬರಬಹುದು.

ಲಿಂಗಸುಗೂರು ಹುಡುಗ
ನಿದ್ದೆಯಲ್ಲಿ ಬರುವ ಫಿಟ್ಸ್ ಮತ್ತು ಈ ನಡಿಗೆ, ಎರಡನ್ನೂ ಮನೆಯವರು ಹೇಗೆ ಗುರುತಿಸಬೇಕು?

ನರರೋಗ ವಿಭಾಗ
ಮನೆಯಲ್ಲಿ ಖಚಿತವಾಗಿ ಹೇಳಲಾಗುವುದಿಲ್ಲ. ಆದರೂ ಕೆಲವು ಸುಳಿವುಗಳಿವೆ. ಫಿಟ್ಸ್ ಆದರೆ ಪ್ರತಿ ಸಲ ಒಂದೇ ಥರ, ಅದೇ ಕೈ, ಅದೇ ಕತ್ತು ತಿರುವು. ಹೆಚ್ಚಾಗಿ ಎರಡು ನಿಮಿಷಕ್ಕಿಂತ ಕಡಿಮೆ. ಒಂದೇ ರಾತ್ರಿ ಹಲವು ಸಲ, ಯಾವ ಹೊತ್ತಿಗಾದರೂ ಬರಬಹುದು. ಮೈ ಸೆಟೆಯುವುದು, ನಾಲಿಗೆ ಕಚ್ಚಿಕೊಳ್ಳುವುದು ಕಂಡರೆ ತಡಮಾಡಬೇಡಿ. ನಿದ್ದೆ ನಡಿಗೆ ಒಂದೊಂದು ಸಲ ಒಂದೊಂದು ಥರ ಇರುತ್ತದೆ, ಹೆಚ್ಚಾಗಿ ರಾತ್ರಿಗೊಮ್ಮೆ. ಫೋನಿನಲ್ಲಿ ವಿಡಿಯೋ ಮಾಡಿ. ನೀವು ಹತ್ತು ನಿಮಿಷ ಹೇಳುವುದಕ್ಕಿಂತ ಒಂದು ನಿಮಿಷದ ವಿಡಿಯೋ ನಮಗೆ ಜಾಸ್ತಿ ತಿಳಿಸುತ್ತದೆ.

ದೊಡ್ಡವರಿಗೆ ಇನ್ನೊಂದು ಮಾತು. ನಿದ್ದೆ ಮಾತ್ರೆ ಅಂಗಡಿಯಲ್ಲಿ ಕೇಳಿ ನುಂಗಬೇಡಿ. ಜೋಲ್ಪಿಡೆಮ್ ತೆಗೆದುಕೊಂಡವರು ನಿದ್ದೆಯಲ್ಲೇ ಎದ್ದು ಅಡುಗೆ ಮಾಡಿದ್ದು, ಗಾಡಿ ಓಡಿಸಿದ್ದು ಉಂಟು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಅದಕ್ಕೆ ಅತಿ ಗಂಭೀರ ಎಚ್ಚರಿಕೆ ಸೇರಿಸಿತು.

ಮಾನ್ವಿ ಮೇಷ್ಟ್ರು
ತಾಲೂಕು ಮಟ್ಟದಲ್ಲಿ ಎಲ್ಲಿ ಹೋಗಬೇಕು ಅನ್ನುವವರಿಗೆ: ಮೊದಲು ಮಕ್ಕಳ ಡಾಕ್ಟರು. ಮುಂದೆ ಬೇಕಾದರೆ ರಾಯಚೂರಿನ ರಿಮ್ಸ್, ಕೊಪ್ಪಳ, ಬಳ್ಳಾರಿ ಮೆಡಿಕಲ್ ಕಾಲೇಜುಗಳಿವೆ. ಅಲ್ಲಿಂದ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ. ಭಯ, ಚಿಂತೆ ಹೆಚ್ಚಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಇನ್ನೊಂದು ಸಂಗತಿ ನಮ್ಮ ಭಾಗದವರು ತಿಳಿಯಬೇಕು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾಗಿದ್ದು ಬಳ್ಳಾರಿ ಮಾದರಿ ಮೇಲೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮೊದಲು ಪ್ರಯೋಗ ಮಾಡಿದ್ದು ಇದೇ ಜಿಲ್ಲೆಯಲ್ಲಿ. ದೇಶಕ್ಕೆ ದಾರಿ ತೋರಿಸಿದ ನೆಲದಲ್ಲಿ ಮಕ್ಕಳಿಗೆ ಮೆಣಸಿನಕಾಯಿ ಹೊಗೆ ಹಾಕುವುದು ನಿಲ್ಲಬೇಕು.

ತುಂಗಭದ್ರೆ ದಂಡೆ
ಈ ಮಾತಿಗೆ ನನ್ನ ಒಪ್ಪಿಗೆ ಇದೆ. ಹರಕೆಯನ್ನೂ ಬಿಡಲ್ಲ, ಡಾಕ್ಟರನ್ನೂ ಬಿಡಲ್ಲ.

ಗಂಗಾವತಿ ಗೃಹಿಣಿ
ರಾತ್ರಿ ಹಲ್ಲು ಕಡಿಯುವುದಕ್ಕೆ ಜಂತುಹುಳವೇ ಕಾರಣ ಅಂತಾರೆ, ಹೌದಾ?

ಕೊಪ್ಪಳ ಸಿಸ್ಟರ್
ಹಲ್ಲು ಕಡಿದರೆ ಹುಳ ಇದೆ ಅಂತ ಹೇಳಲಾಗುವುದಿಲ್ಲ. ಮಕ್ಕಳಲ್ಲಿ ಅದು ಬಹಳ ಸಾಮಾನ್ಯ, ಬೆಳೆದಂತೆ ಹೋಗುತ್ತದೆ. ಶಾಲೆಯಲ್ಲಿ ಕೊಡುವ ಹುಳದ ಮಾತ್ರೆ ಹೇಗೂ ತಪ್ಪಿಸಬೇಡಿ. ಹಲ್ಲು ಸವೆದಿದ್ದರೆ ದಂತವೈದ್ಯರಿಗೆ ತೋರಿಸಿ.

ಕಂಪ್ಲಿ ಅಕ್ಕ
ತಮ್ಮನನ್ನು ದಾಖಲು ಮಾಡಿಕೊಂಡಿದ್ದಾರೆ. ಡ್ರಿಪ್ ಹಾಕಿದ್ದಾರೆ, ಈಗ ಮಲಗಿದ್ದಾನೆ. ಆ ರಾತ್ರಿಯೇ ಉತ್ತರ ಕೊಟ್ಟಿದ್ದಕ್ಕೆ ಕೈ ಮುಗಿಯುತ್ತೇನೆ.

ಸಿಂಧನೂರು ತಾಯಿ
ಎಲ್ಲರಿಗೂ ಹೇಳಬೇಕು ಅಂತ ಬಂದೆ. ವಿಡಿಯೋ ತೋರಿಸಿದೆವು. ನಿದ್ದೆ ನಡಿಗೆಯೇ ಅಂದರು. ಟಾನ್ಸಿಲ್ ದಪ್ಪ ಇದೆಯಂತೆ, ಇಎನ್‌ಟಿಗೆ ಬರೆದುಕೊಟ್ಟಿದ್ದಾರೆ. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆ, ಸಿರಪ್ ಕೊಟ್ಟಿದ್ದಾರೆ. ಈಗ ಅಂಗಳದಲ್ಲೇ ಮಲಗುತ್ತೇವೆ, ಗೇಟಿಗೆ ಗೆಜ್ಜೆಸರ ಕಟ್ಟಿದ್ದಾಗಿದೆ. ಅಪ್ಪನಿಗೆ ಕಾಯುವುದು ಬೇಡ ಅಂತ ಒಪ್ಪಿಸಿದೆ. ಅವರೇ ಬೆಳಗ್ಗೆ ಎದ್ದು ವ್ಯಾನ್ ಹತ್ತಿಸಿ ಬರುತ್ತಾರೆ. ಅತ್ತೆ ಅಂತ್ರವನ್ನೂ ಕಟ್ಟಿಸಿದರು, ನಾನು ಬೇಡ ಅನ್ನಲಿಲ್ಲ. ಆದರೆ ಇನ್ನೂ ವಾರದಲ್ಲಿ ಒಂದೆರಡು ಸಲ ಏಳುತ್ತಾನೆ.

ಕೊಪ್ಪಳ ಸಿಸ್ಟರ್
ಏಳುವ ಹೊತ್ತು ಹೆಚ್ಚುಕಡಿಮೆ ಒಂದೇ ಇದ್ದರೆ ಡಾಕ್ಟರನ್ನು ಕೇಳಿ ಇದನ್ನು ಮಾಡಿ ನೋಡಿ. ಆ ಹೊತ್ತಿಗೆ 15ರಿಂದ 30 ನಿಮಿಷ ಮುಂಚೆ ನೀವೇ ಮೆಲ್ಲಗೆ ಬೆನ್ನು ತಟ್ಟಿ ಎಬ್ಬಿಸಿ, ಕಣ್ಣು ಬಿಟ್ಟು ಎರಡು ಮಾತಾಡಲಿ, ಮೂತ್ರ ಮಾಡಿಸಿ ಮತ್ತೆ ಮಲಗಿಸಿ. ಎರಡರಿಂದ ನಾಲ್ಕು ವಾರ ದಿನಾ ಮಾಡಬೇಕು. ಎಷ್ಟೋ ಮಕ್ಕಳಲ್ಲಿ ಇದರಿಂದ ನಿಲ್ಲುತ್ತದೆ. ಸಿರಪ್ಪನ್ನು ಹಾಲು, ಚಹಾದ ಜೊತೆ ಕೊಡಬೇಡಿ, ಮೈಗೆ ಹತ್ತುವುದಿಲ್ಲ. ಲಿಂಬೆ ಶರಬತ್ತಿನ ಜೊತೆ ಕೊಡಿ. ಇಎನ್‌ಟಿಯವರು ಏನು ಹೇಳಿದರು ಅಂತ ಬರೆಯಿರಿ.